ಅಳಿವೆಯ ಕಾಣದ ಪೈರು



ಶಿರಸಿಯ ಶಂಕರಹೊಂಡದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, ಅಘನಾಶಿನಿಗೆ ಎಂದು ಶಾಲೆಯ ಹುಡುಗನೂ ಹೇಳಿಯಾನು. ಆ ಹೊಳೆ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನ ತದಡಿಯ ಬಳಿ ಕಡಲು ಸೇರುತ್ತದೆ. ಯಲ್ಲಾಪುರದವರ ಬೇಡ್ತಿಯೂ ಮಾಗೋಡಿನಲ್ಲಿ ಇಳಿದು, ಗಂಗಾವಳಿಯೆಂಬ ಹೆಸರಿನಿಂದ ಅದೇ ಕಡಲಿಗೆ ಹೋಗುತ್ತದೆ. ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿಗೆ ಕೂಡುವ ಅಳಿವೆಯಲ್ಲಿ ಒಂದು ಪೈರು ಬೆಳೆಯುತ್ತದೆ. ಅದನ್ನು ಬಿತ್ತಿದವರಿಲ್ಲ, ಬರಿಗಣ್ಣಿಗೆ ಅದು ಕಾಣುವುದೂ ಇಲ್ಲ.

ಇದು ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯಗಳ ಪೈರು. ಶಾಸ್ತ್ರಜ್ಞರು ಇದನ್ನು ಸಸ್ಯಪ್ಲವಕ ಎನ್ನುತ್ತಾರೆ. ದನಕ್ಕೆ ಹುಲ್ಲು ಹೇಗೋ ಅಳಿವೆಯ ಬಳಚಿಗೆ ಇದು ಹಾಗೆ. ಬಳಚು ನೀರನ್ನು ಒಳಗೆಳೆದು, ಸೋಸಿ, ಈ ಸಸ್ಯಗಳನ್ನು ತಿಂದು ನೀರನ್ನು ಹೊರಬಿಡುತ್ತದೆ. ಮೀನು, ಸೀಗಡಿಗಳ ಮರಿಗಳಿಗೂ ಆಹಾರದ ಮೂಲ ಇದೇ. ಇವುಗಳಲ್ಲಿ ಡಯಾಟಮ್ ಎಂಬ ಬಗೆಗೆ ಗಾಜಿನಂಥ ಕವಚವಿರುತ್ತದೆ. ಕವಚಕ್ಕೆ ಬೇಕಾದ ಸಿಲಿಕ ಘಟ್ಟದ ಕಲ್ಲುಮಣ್ಣಿನಿಂದ ಕರಗಿ ಹೊಳೆಯೊಡನೆ ಬರುತ್ತದೆ. ನಮ್ಮ ಗುಡ್ಡವೇ ಆ ಪೈರಿಗೆ ಗೊಬ್ಬರದ ಗುಂಡಿ ಎನ್ನಬಹುದು.

ಕಾಣದ ಪೈರನ್ನು ನೋಡಿಕೊಳ್ಳುವುದು ಹೇಗೆ? ದೋಣಿಯಲ್ಲಿ ಹೋಗಿ, ಬಹು ಸಣ್ಣ ಕಣ್ಣಿನ ಬಲೆಯಲ್ಲಿ ನೀರು ಸೋಸುತ್ತಾರೆ. ಸಿಕ್ಕಿದ್ದು ಕೆಡದಂತೆ ಅಯೋಡಿನ್ ದ್ರಾವಣ ಹಾಕುತ್ತಾರೆ. ಬಳಿಕ 1 ಮಿಲಿಲೀಟರ್ ಹಿಡಿಯುವ ಗಾಜಿನ ತಟ್ಟೆಯಲ್ಲಿ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಜಾತಿವಾರು ಎಣಿಸುತ್ತಾರೆ. ನೀರಿನ ಉಪ್ಪು, ಬಿಸಿ, ತಿಳಿಗಳನ್ನೂ ಅಳೆಯುತ್ತಾರೆ. ಒಮ್ಮೆ ನೋಡಿದರೆ ಸಾಲದು. ಮಳೆಗಾಲದಲ್ಲಿ ಅಳಿವೆ ಬಹುಮಟ್ಟಿಗೆ ಸಿಹಿಯಾಗಿ ಹೊಳೆಯ ಜಾತಿಗಳು ತುಂಬುತ್ತವೆ. ಮಳೆ ನಿಂತು ಉಪ್ಪೇರಿದಂತೆ ಕಡಲಿನ ಜಾತಿಗಳದೇ ಮೇಲುಗೈ. ವರ್ಷವಿಡೀ ಲೆಕ್ಕ ಬರೆದಿಟ್ಟರೆ ಮಾತ್ರ, ಯಾವುದು ಕಾಲಗುಣ, ಯಾವುದು ಕೇಡು ಎಂಬುದು ತಿಳಿಯುತ್ತದೆ.

ಕೇಡು ಎರಡು ಬಗೆಯಲ್ಲಿ ಬಂದದ್ದುಂಟು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆಯಾಯಿತು. ವಿದ್ಯುತ್ತು ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಕಡೆ ಹರಿದು ಅಳಿವೆಯ ಉಪ್ಪನ್ನು ಇಳಿಸಿತು. ಉಪ್ಪು ಬೇಕಾದ ಬಳಚು ಅಲ್ಲಿ ಕ್ಷೀಣಿಸಿತು. ಅಘನಾಶಿನಿಗೆ ಅಂಥ ದೊಡ್ಡ ಕಟ್ಟೆಯಿಲ್ಲ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಎರಡನೆಯದು ವಿಷದ ಮಾತು. ಕಾಸರಗೋಡು ಸೀಮೆಯ ಕುಂಬಳೆಯಲ್ಲಿ 1983ರಲ್ಲಿ ಅಳಿವೆಯ ಬಳಚು ತಿಂದವರು ವಿಷಬಾಧೆಗೆ ಒಳಗಾದರು. ಕೆಲವು ಸೂಕ್ಷ್ಮಸಸ್ಯಗಳು ವಿಷ ಮಾಡುತ್ತವೆ. ಅವನ್ನು ತಿಂದ ಬಳಚು ತಾನು ಸಾಯದೆ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ನೀರಿನ ಬಣ್ಣ ನಂಬಿ ಕೂರುವ ಹಾಗಿಲ್ಲ. ಎಣಿಸಿ ನೋಡುವುದೇ ದಾರಿ.

ಘಟ್ಟದ ಮೇಲಿನವರಿಗೆ ಇದರಲ್ಲಿ ಒಂದು ಕೆಲಸವಿದೆ. ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. (ಕೊಟ್ಟೆ ಕಟ್ಟುವವರಿಗೆ ಈ ಚಿಂತೆಯಿಲ್ಲ.) ಕೆರೆಯ ಪಾಚಿ ಕೊಲ್ಲಲು ಬಳಸುವುದೂ ಇದೇ ಮೈಲುತುತ್ತು. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟೇ ದ್ರಾವಣ ಮಾಡಿಕೊಳ್ಳಿರಿ. ಉಳಿದದ್ದನ್ನೂ ಪೀಪಾಯಿ ತೊಳೆದ ನೀರನ್ನೂ ಹಳ್ಳಕ್ಕೆ ಚೆಲ್ಲದೆ, ಹಳ್ಳದಿಂದ ದೂರದ ಮಣ್ಣಿಗೆ ಹಾಕಿರಿ.