ಅರ್ಧಕ್ಕೆ ನಿಂತ ಕಸೂತಿಯೂ ಪರಿಗ್ರಹವೇ?

ಬಹುತೇಕ ನಮ್ಮೆಲ್ಲರ ಮನೆಗಳಲ್ಲೂ ಅಟ್ಟದ ಮೇಲೋ ಬೀರುವಿನ ಕೆಳಗಿನ ಖಾನೆಯಲ್ಲೋ ಅಂಥದೊಂದು ಚೀಲ ಇರುತ್ತದೆ. ಒಂದು ಅಂಚು ಮಾತ್ರ ಮುಗಿದ ಕಸೂತಿ ಸೆರಗು, ನಾಲ್ಕು ಬೆರಳು ಹೆಣೆದ ಸ್ವೆಟರ್, ಬಸದಿಗೆಂದು ಆರಂಭಿಸಿದ ಮಣಿತೋರಣ, ಕೌದಿಗೆಂದು ಕತ್ತರಿಸಿಟ್ಟ ಹಳೆಯ ಸೀರೆಗಳು. ಸ್ವೆಟರ್ ಯಾವ ಮಗುವಿಗೆಂದು ಶುರುವಾಗಿತ್ತೋ ಆ ಮಗು ಈಗ ಕಾಲೇಜಿಗೆ ಹೋಗುತ್ತಿರುತ್ತದೆ. ಆದರೂ ಚೀಲ ಅಲ್ಲೇ ಇರುತ್ತದೆ. ಕಂಡಾಗಲೆಲ್ಲ "ಮುಗಿಸಬೇಕಿತ್ತು" ಎಂಬ ಅಳುಕು. ಸಾಮಾಯಿಕಕ್ಕೆ ಕುಳಿತರೆ 48 ನಿಮಿಷದ ಮುಹೂರ್ತದಲ್ಲಿ ಮನಸ್ಸು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರುತ್ತದೆ.

ಇದನ್ನು ಕೈಬಿಡುವುದು ಸೋಮಾರಿತನವೇ, ತ್ಯಾಗವೇ? ನಮ್ಮ ಶಾಸ್ತ್ರಗಳ ದೃಷ್ಟಿಯಲ್ಲಿ ನೋಡೋಣ.

ಪರಿಗ್ರಹ ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹಕ್ಕೆ ಕೊಡುವ ಲಕ್ಷಣ ಮೂರ್ಛೆ, ಅಂದರೆ "ಇದು ನನ್ನದು" ಎಂಬ ಮಮತೆ. ಪರಿಗ್ರಹದ 24 ಭೇದಗಳಲ್ಲಿ ಹೊರಗಿನವು 10, ಒಳಗಿನವು 14. ಹೊರಗಿನದು ಕಣ್ಣಿಗೆ ಕಾಣುವ ಆಸ್ತಿ. ಒಳಗಿನದು ಮಿಥ್ಯಾತ್ವ, ನಾಲ್ಕು ಕಷಾಯ, ಒಂಬತ್ತು ನೋಕಷಾಯ.

ಹೊರಗಿನ ಪರಿಗ್ರಹವೆಂದರೆ ಹೊಲ, ಮನೆ, ಚಿನ್ನ, ಬೆಳ್ಳಿ ಮಾತ್ರ ಎಂದುಕೊಳ್ಳುತ್ತೇವೆ. ಆದರೆ ಆ ಪಟ್ಟಿಯಲ್ಲಿ "ಕುಪ್ಯ" ಎಂಬುದೂ ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹತ್ತಿ, ರೇಷ್ಮೆ ಬಟ್ಟೆಗಳನ್ನು ಇದರೊಳಗೆ ಸೇರಿಸಿದ್ದಾರೆ. ಹಾಗಾಗಿ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡವರು ಸೀರೆಗಳಿಗೆ ಮಿತಿ ಹಾಕಿಕೊಂಡು ನೂಲು, ಬಟ್ಟೆಯ ತುಂಡುಗಳನ್ನು ಲೆಕ್ಕದಿಂದ ಹೊರಗಿಟ್ಟರೆ ಲೆಕ್ಕ ಪೂರ್ಣವಾಗುವುದಿಲ್ಲ.

ಇದರರ್ಥ ಕೈಕೆಲಸ ತಪ್ಪು ಎಂದಲ್ಲ. ಕಸೂತಿ ಹಾಕುವ ಕೈ ಅಷ್ಟು ಹೊತ್ತು ಬೇರೆಯವರ ಮಾತಿನಿಂದ, ಟೀವಿಯಿಂದ ದೂರ ಇರುತ್ತದೆ, ಅದು ಒಳ್ಳೆಯದೇ. ಕೆಲಸ ನಿಂತು ಹೋಗಿ, "ನಾನು ಮಾಡುವವಳು, ಇದು ನನ್ನದು" ಎಂಬ ಭಾವ ಮಾತ್ರ ಉಳಿದಾಗ ಅದು ಮೂರ್ಛೆ. ಆ ಅಳುಕಿನಲ್ಲಿ ಮಾನ ಕಷಾಯವೂ ಇದೆ: ಆರಂಭಿಸಿ ಬಿಟ್ಟವಳು ಎನಿಸಿಕೊಳ್ಳಬಾರದು ಎಂಬ ಹಟ.

ಕೂಡಿಟ್ಟಷ್ಟೂ ಜೀವಹಿಂಸೆಯ ಭಯ

ವರ್ಷಗಟ್ಟಲೆ ಮುಚ್ಚಿಟ್ಟ ಉಣ್ಣೆ, ಬಟ್ಟೆ, ಕಾಗದದಲ್ಲಿ ನುಸಿ, ಜಿರಳೆ, ಬೆಳ್ಳಿಹುಳು ಮನೆ ಮಾಡುತ್ತವೆ. ಒಂದು ದಿನ ಚೀಲ ಕೊಡವಿದಾಗ ಅವು ಸಾಯುತ್ತವೆ, ಅಥವಾ ಹುಳ ಬಾರದಿರಲೆಂದು ನಾವೇ ಮೊದಲು ವಿಷದ ಗುಳಿಗೆ ಇಟ್ಟಿರುತ್ತೇವೆ. ಬೇಡದ ವಸ್ತುವನ್ನು ಹೊತ್ತಿನಲ್ಲೇ ಕೊಟ್ಟುಬಿಡುವುದು ಅಹಿಂಸೆಯ ಪಾಲನೆಯೂ ಹೌದು. ಕೊಡುವ ಮುನ್ನ ಬೆಳಕಿನಲ್ಲಿ ಬಿಡಿಸಿ, ಮೆತ್ತಗೆ ಝಾಡಿಸಿ, ಜೀವಗಳಿದ್ದರೆ ನೆರಳಿನ ಜಾಗದಲ್ಲಿ ಬಿಡಿ. ಸುಡಬೇಡಿ.

ಯಾವುದನ್ನು ಮುಗಿಸಬೇಕು, ಯಾವುದನ್ನು ಬಿಡಬಹುದು?

*ಮಾತು ಕೊಟ್ಟದ್ದು:* ಯಾರದೋ ಬಟ್ಟೆ ಪಡೆದು, ಹಣ ಪಡೆದು ಆರಂಭಿಸಿದ್ದರೆ ಮುಗಿಸಿ ಕೊಡಬೇಕು. ಆಗದಿದ್ದರೆ ಹಾಗೆಂದು ಹೇಳಿ ವಸ್ತುವನ್ನೂ ಹಣವನ್ನೂ ಹಿಂತಿರುಗಿಸಬೇಕು. ಇದು ಸತ್ಯ, ಅಚೌರ್ಯಗಳ ಪ್ರಶ್ನೆ.

*ನಿಯಮವಾಗಿ ತೆಗೆದುಕೊಂಡದ್ದು:* ಮುನಿಗಳ ಅಥವಾ ಆರ್ಯಿಕೆಯರ ಮುಂದೆ ನಿಯಮ ಮಾಡಿ ತೋರಣವನ್ನೋ ಶಾಸ್ತ್ರದ ಹೊದಿಕೆಯನ್ನೋ ಆರಂಭಿಸಿದ್ದರೆ ನಾವೇ ತೀರ್ಮಾನಿಸಿ ಬಿಡುವುದು ಸರಿಯಲ್ಲ. ಗುರುಗಳಲ್ಲಿ ನಿವೇದಿಸಿ ಅವರು ಹೇಳಿದಂತೆ ನಡೆಯಬೇಕು. "ಮಾಡೋಣ" ಎಂದು ಮನಸ್ಸಿನಲ್ಲಿ ಅಂದುಕೊಂಡಷ್ಟೇ ಆಗಿದ್ದರೆ ಅದು ವ್ರತವಲ್ಲ; ಅಂಜಬೇಕಾಗಿಲ್ಲ.

*ದೇಹ ಒಪ್ಪದ್ದು:* ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆ ಕಣ್ಣಿಗೆ ಶ್ರಮ. ವಯಸ್ಸಾದಾಗ ಬಿಡುವುದು ಸೋಲಲ್ಲ. ಉಳಿದ ದಾರವನ್ನು ಕಲಿಯುವ ಹುಡುಗಿಯೊಬ್ಬಳಿಗೆ ಕೊಟ್ಟು, ಒಂದು ಹೊಲಿಗೆ ತೋರಿಸಿಕೊಟ್ಟರೆ ವಿದ್ಯೆ ಮುಂದುವರಿಯುತ್ತದೆ.

*ಅಗಲಿದವರದ್ದು:* ಇದು ಎಲ್ಲಕ್ಕಿಂತ ಕಷ್ಟ. ತಾಯಿಯೋ ಅತ್ತೆಯೋ ಅರ್ಧ ಹಾಕಿ ಹೋದ ಹೊಲಿಗೆಯನ್ನು ಕೊಟ್ಟುಬಿಟ್ಟರೆ ಅವರನ್ನೇ ಬಿಟ್ಟಂತೆ ಅನಿಸುತ್ತದೆ. ನಮ್ಮ ನಂಬಿಕೆಯಂತೆ ಆ ಜೀವ ತನ್ನ ಕರ್ಮದಂತೆ ಮುಂದಿನ ಗತಿಗೆ ಹೋಗಿದೆ; ಸೂಜಿ ಸಿಕ್ಕಿಸಿದ ಬಟ್ಟೆಯಲ್ಲಿ ಅವರಿಲ್ಲ. ಒಂದು ಚಿಕ್ಕ ತುಂಡನ್ನು ನೆನಪಿಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಬಳಸುವವರಿಗೆ ಕೊಡಿ. ಅವರ ತಾಳ್ಮೆಯನ್ನು ನಾವು ಕಲಿತರೆ ಅವರ ಕೆಲಸ ಮುಂದುವರಿದಂತೆ.

ಪ್ರತಿದಿನ ಪೂರ್ಣವಾಗುವ ಸಂತೋಷಗಳು

ಬಿಟ್ಟ ಮೇಲೆ ಸಿಗುವುದೇನು? ಇವತ್ತಿನ ದಿನ ಸಿಗುತ್ತದೆ. ಅಕ್ಷತೆಯಲ್ಲಿ ಸ್ವಸ್ತಿಕ ಬಿಡಿಸುವ ರೂಢಿ ಇರುವವರು ಗಮನಿಸಿ: ನಾಲ್ಕು ಗತಿಗಳಿಗೆ ನಾಲ್ಕು ಬಾಹು, ರತ್ನತ್ರಯಕ್ಕೆ ಮೂರು ಪುಂಜ, ಸಿದ್ಧಶಿಲೆಗೆ ಅರ್ಧಚಂದ್ರ. ಎಷ್ಟು ಅಚ್ಚುಕಟ್ಟಾಗಿ ಬಿಡಿಸುತ್ತೇವೆ! ಸ್ವಲ್ಪ ಹೊತ್ತಿಗೆ ಅದು ಅಳಿಯುತ್ತದೆ. ಯಾರೂ ಅದನ್ನು ಕಟ್ಟಿಟ್ಟುಕೊಂಡು ಮನೆಗೆ ತರುವುದಿಲ್ಲ, ಅಳಿಯಿತೆಂದು ಮರುಗುವುದೂ ಇಲ್ಲ. ಅದೂ ಕೈಕೆಲಸವೇ, ಮಮತೆ ಇಲ್ಲದ ಕೈಕೆಲಸ.

ಇಂಥವು ನಮ್ಮ ದಿನಚರಿಯಲ್ಲಿ ಬೇಕಾದಷ್ಟಿವೆ. ಬೆಳಗಿನ ಅಭಿಷೇಕದ ನೀರಿನ ಸದ್ದು, ಅಜ್ಜಿಯ ಬಳಿ ಮಗು ತೊದಲುತ್ತ ಕಲಿಯುವ ಣಮೋಕಾರ ಮಂತ್ರ, ಸೂರ್ಯ ಮುಳುಗುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾಡುವ ಊಟ. ಇವನ್ನು ಮನಸ್ಸಿಟ್ಟು ಅನುಭವಿಸುವುದು ಭೋಗಲಾಲಸೆಯಲ್ಲ. ಇನ್ನೂ ಬೇಕು, ನಾಳೆಗೂ ಇರಲಿ ಎಂದು ಹಿಡಿಯಹೊರಟಾಗ ಮಾತ್ರ ಲಾಲಸೆ. ರತ್ನಾಕರವರ್ಣಿ ಭರತೇಶ ವೈಭವದಲ್ಲಿ ಚಿತ್ರಿಸಿದ ಚಕ್ರವರ್ತಿ ಅರಮನೆಯ ನಡುವೆ ಇದ್ದೂ ಆತ್ಮಚಿಂತನೆ ಬಿಡದವನು. ನಮ್ಮ ಚಿಕ್ಕ ಸಂಸಾರದಲ್ಲೂ ಆ ದಾರಿ ಇದೆ.

ಅದೇ ಭರತೇಶ್ವರನ ಅಪೂರ್ಣ ಮೂರ್ತಿಯೊಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿದೆ. ತಲೆಯಿಂದ ಮಂಡಿಯವರೆಗೆ ರೂಪುಗೊಂಡು ಅಲ್ಲಿಗೇ ನಿಂತಿದೆ. ಯಾತ್ರಿಕರು ನೋಡುತ್ತಾರೆ, ಕೈಮುಗಿಯುತ್ತಾರೆ. ಶಿಲ್ಪಿ ಮುಗಿಸಲಿಲ್ಲವೆಂದು ಯಾರೂ ದೂರುವುದಿಲ್ಲ.

ಈ ದಶಲಕ್ಷಣಕ್ಕೆ

ಭಾದ್ರಪದ ಶುಕ್ಲ ಪಂಚಮಿಯಿಂದ ಆರಂಭವಾಗುವ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಎಂಟನೆಯ ದಿನ ಚೀಲ ಬಿಚ್ಚಿ: ಮುಗಿಸುವ ಒಂದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಕೊಡಿ. ಒಂಬತ್ತನೆಯ ದಿನ "ನಾನು ಕೊಟ್ಟೆ" ಎಂಬುದನ್ನೂ ಬಿಡಿ. ಅಂದು ಸಂಜೆ ಸಾಮಾಯಿಕಕ್ಕೆ ಕುಳಿತಾಗ ಮನಸ್ಸಿಗೆ ಅಟ್ಟ ಹತ್ತುವ ಕೆಲಸ ಇರುವುದಿಲ್ಲ.

ಜೈ ಜಿನೇಂದ್ರ.