ಹಣ್ಣಾಗುವಾಗ ಊರಲ್ಲಿ ಯಾರಿರ್ತೀರಿ?

ಮನೆಯ ಹಿಂದಿನ ನಲವತ್ತು ಸೆಂಟ್ಸ್ ಜಾಗದಲ್ಲಿದ್ದ ಗೇರುಮರಗಳು ಮುದಿಯಾಗಿ ಫಲ ಬಿಡುವುದನ್ನೇ ನಿಲ್ಲಿಸಿದ್ದವು. ಅವನ್ನು ಕಡಿಸಿ ಹಣ್ಣಿನ ಗಿಡ ಹಾಕುವ ಎಂದು ನಾವು ಅಣ್ಣತಮ್ಮಂದಿರು ಮೂವರೂ ಸೇರಿ ತೀರ್ಮಾನ ಮಾಡಿದೆವು. ತೀರ್ಮಾನ ಆದದ್ದು ವಾಟ್ಸ್ಆಪ್ ಗ್ರೂಪಿನಲ್ಲಿ. ಒಬ್ಬ ಇಲ್ಲಿ ಬಹ್ರೇನಿನಲ್ಲಿ, ಒಬ್ಬ ದಮ್ಮಾಮಿನಲ್ಲಿ, ಒಬ್ಬ ಮಸ್ಕತ್ತಿನಲ್ಲಿ. ಊರು ಪುತ್ತೂರಿನ ಹತ್ತಿರ. ಅಲ್ಲಿ ಈಗ ಇರುವುದು ಅಪ್ಪ, ಅಮ್ಮ ಇಬ್ಬರೇ.

ಲೆಕ್ಕ ಬರೆಯುವ ಕೆಲಸ ನಮ್ಮದೇ ಆದ ಕಾರಣ ಎಕ್ಸೆಲ್ ಶೀಟ್ ತಯಾರಾಯಿತು. ಆಪೂಸು ಎಂಟು, ರಸಪೂರಿ ಆರು, ಮಲ್ಲಿಕಾ ನಾಲ್ಕು, ಮುಂಡಪ್ಪ ನಾಲ್ಕು, ಹಲಸು ಆರು, ಉಳಿದದ್ದು ಎಲ್ಲ ಎರಡೆರಡು. ಒಟ್ಟು ಮೂವತ್ತಾರು ಗಿಡ. ಅಪ್ಪನಿಗೆ ಕಳಿಸಿದೆವು. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಒಂದು ವಾಯ್ಸ್ ಮೆಸೇಜ್ ಬಂತು: "ಪಟ್ಟಿ ಎಲ್ಲ ಲಾಯ್ಕುಂಟು ಮಾರಾಯ. ಆದ್ರೆ ಇದು ಹಣ್ಣಾಗುವಾಗ ಊರಲ್ಲಿ ಯಾರಿರ್ತೀರಿ? ನಾವಿಬ್ಬರೂ ಶುಗರಿನವರು."

ಆ ಮೇಲೆ ಶೀಟನ್ನು ಮೊದಲಿಂದ ಬರೆಯಬೇಕಾಯಿತು.

ಗಲ್ಫಿನಲ್ಲಿ ಮಕ್ಕಳನ್ನು ಓದಿಸುವವರಿಗೆ ಉದ್ದದ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ನಮ್ಮ ಕರಾವಳಿಯಲ್ಲಿ ಒಳ್ಳೆಯ ಮಾವು ಹಣ್ಣಾಗುವುದು ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ. ಜೂನ್ ಮೊದಲ ವಾರ ಮಳೆ ಶುರು. ನಾವು ಮಂಗಳೂರು ಏರ್‌ಪೋರ್ಟಿನಲ್ಲಿ ಇಳಿದು ಮನೆ ಮುಟ್ಟುವಾಗ ಮಾವಿನ ಮರದಲ್ಲಿ ಎಲೆ ಬಿಟ್ಟರೆ ಬೇರೇನೂ ಇರುವುದಿಲ್ಲ. ನಾವು ನೆಟ್ಟ ಮರದ ಹಣ್ಣನ್ನು ಅಪ್ಪ ಪಕ್ಕದ ಮನೆಯವರಿಗೆ ಹಂಚುವುದು, ನಾವು ಇಲ್ಲಿ ಸೂಪರ್‌ಮಾರ್ಕೆಟಿನಿಂದ ಪೆಟ್ಟಿಗೆ ತರುವುದು. ವರ್ಷ ವರ್ಷ ಹೀಗೇ ನಡೆದಿದೆ.

ತಡವಾಗಿ ಹಣ್ಣಾಗುವ ಮಾವು ಹಾಕಬಹುದಲ್ಲ ಎಂದು ತಮ್ಮ ಕೇಳಿದ. ನೀಲಂ ಹಾಗಿನದ್ದೇ, ಜೂನ್ ಕಳೆದ ಮೇಲೂ ಮರದಲ್ಲಿರುತ್ತದೆ, ವರ್ಷ ಬಿಡದೆ ಫಲ ಕೊಡುವ ಜಾತಿ ಎಂಬ ಹೆಸರೂ ಉಂಟು. ನೀಲಂ ಮತ್ತು ದಶಹರಿಯನ್ನು ಕೂಡಿಸಿ ಮಾಡಿದ ಮಲ್ಲಿಕಾ ಕೂಡ ತಡವೇ. ಬಯಲುಸೀಮೆಯವರಿಗೆ ಇವು ಸರಿ. ಆದರೆ ವರ್ಷಕ್ಕೆ 3500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ ಜೂನ್ ಕೊನೆಗೆ ಮರದಲ್ಲಿರುವ ಹಣ್ಣಿಗೆ ಹಣ್ಣುನೊಣ ಬಾರದೆ ಇರುವುದಿಲ್ಲ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಕೊಯ್ದು ನೋಡಿದರೆ ಹುಳ. ಕ್ಯಾಲೆಂಡರಿಗೆ ಹೊಂದಿದರೂ ಜಾಗಕ್ಕೆ ಹೊಂದದ್ದನ್ನು ಹೊಡೆದು ಹಾಕಿದೆವು. ಆಪೂಸು ಎರಡಕ್ಕೆ ಇಳಿಯಿತು. ಅದು ಒಂದು ವರ್ಷ ಬಿಟ್ಟರೆ ಮತ್ತೊಂದು ವರ್ಷ ಕೈಕೊಡುವ ಮರ. ಹೊರಗೆ ಚಂದ ಕಂಡರೂ ಒಳಗೆ ತಿರುಳು ಬೆಂಡಾಗಿರುವ ರೋಗವೂ ಅದಕ್ಕೇ ಜಾಸ್ತಿ. ಮುಂಡಪ್ಪ ಎರಡು ಉಳಿಯಿತು, ಅಮ್ಮನ ಹಟಕ್ಕೆ.

ಜುಲೈ, ಆಗಸ್ಟಿಗೆ ಸರಿಯಾಗಿ ಹಣ್ಣಾಗುವುದು ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್. ಎರಡೂ ಮಳೆಯ, ಸೆಕೆಯ ದೇಶದವು. ನಮ್ಮ ಅಡಿಕೆ ತೋಟದ ಹವೆ ಅವಕ್ಕೆ ಒಗ್ಗುತ್ತದೆ. ರಂಬುಟಾನಿನ ವಿಷಯದಲ್ಲಿ ಮಾತ್ರ ಯಾರೂ ಬೀಜದ ಗಿಡಕ್ಕೆ ಹೋಗಬೇಡಿ. ಬೀಜದಿಂದ ಹುಟ್ಟಿದ್ದರಲ್ಲಿ ಗಂಡು ಗಿಡಗಳೂ ಇರುತ್ತವೆ. ಐದಾರು ವರ್ಷ ಗೊಬ್ಬರ, ನೀರು ಕೊಟ್ಟು ಸಾಕಿದ ಮೇಲೆ ಅದು ಹೂ ಬಿಡುತ್ತದೆ, ಅಷ್ಟೇ. ಕಣ್ಣು ಕಸಿ ಮಾಡಿದ ಗಿಡವನ್ನೇ ಕೇಳಿ ತರಬೇಕು. ನಾವು ಎನ್-18 ಎಂಬ ಜಾತಿಯದ್ದು ನಾಲ್ಕು ಹಾಕಿದೆವು.

ಮ್ಯಾಂಗೋಸ್ಟೀನಿನದ್ದು ಇದಕ್ಕೆ ಪೂರ್ತಿ ಉಲ್ಟಾ. ಅದರ ಬೀಜ ಪರಾಗ ಸೇರದೆಯೇ ಆಗುವಂಥದ್ದು, ಹಾಗಾಗಿ ಬೀಜದ ಗಿಡವೂ ತಾಯಿಯ ಹಾಗೆಯೇ ಬರುತ್ತದೆ. ಕಸಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಕಸಿ ಗಿಡ ಬೇಗ ಕಾಯಿ ಬಿಡುತ್ತದೆ, ಆದರೆ ಮರ ಗಿಡ್ಡವಾಗಿಯೇ ಉಳಿಯುತ್ತದೆ. ಬೀಜದ್ದಾದರೆ ಎಂಟು ಹತ್ತು ವರ್ಷ ಕಾಯಬೇಕು, ಮೊದಲ ಕೆಲವು ವರ್ಷ ನೆರಳೂ ಬೇಕು. ಅಪ್ಪನಿಗೆ ಎಪ್ಪತ್ತಾರು. ಗುಂಡಿಗೆ ಸುಡುಮಣ್ಣು ಹಾಕುತ್ತಾ, "ಇದನ್ನು ನಿನ್ನ ಮಗಳ ಖಾತೆಗೆ ಬರೆ" ಅಂದರು.

ಇನ್ನು ದಮ್ಮಾಮಿನ ತಮ್ಮ. ಅವನಿಗೆ ಫ್ಯಾಮಿಲಿ ವೀಸಾ ಇಲ್ಲ. ಕಂಪೆನಿ ಟಿಕೆಟ್ ಎರಡು ವರ್ಷಕ್ಕೊಮ್ಮೆ, ತಿಂಗಳು ಯಾವುದೆಂದು ಗ್ಯಾರಂಟಿ ಇಲ್ಲ. ನಮ್ಮ ಬುಲೆಟಿನ್ ಓದುವವರಲ್ಲಿ ಅವನಂಥವರೇ ಜಾಸ್ತಿ ಇರಬಹುದು. ಅವನ ಲೆಕ್ಕಕ್ಕೆ ಚಿಕ್ಕು ಮತ್ತು ಪೇರಳೆ ಹಾಕಿದೆವು. ಚಿಕ್ಕುಮರದಲ್ಲಿ ಒಂದು ಕಡೆ ಹೂ, ಒಂದು ಕಡೆ ಕಾಯಿ ಇದ್ದೇ ಇರುತ್ತದೆ. ಯಾವಾಗ ಹೋದರೂ ನಾಲ್ಕು ಹಣ್ಣು ಅಕ್ಕಿಡಬ್ಬಿಯಲ್ಲಿ ಹಣ್ಣಾಗಲು ಇಡಬಹುದು. ಕ್ರಿಕೆಟ್ ಬಾಲ್ ಎಂಬುದು ದೊಡ್ಡ ಹಣ್ಣು, ಆದರೆ ಅದಕ್ಕೆ ಒಣ ಹವೆ ಬೇಕು. ಕರಾವಳಿಗೆ ಕಾಳಿಪಟ್ಟಿ ಒಳ್ಳೆಯದು.

ಹಲಸಿನ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಈಗ ನರ್ಸರಿಗಳಲ್ಲಿ ಬೇಗ ಫಲ ಕೊಡುವ ವಿಯೆಟ್ನಾಂ ಸೂಪರ್ ಅರ್ಲಿಯ ಹವಾ. ತುಮಕೂರು ಕಡೆಯ ಕೆಂಪು ತೊಳೆಯ ಸಿದ್ದು ಹಲಸು ಕೂಡ ಹೆಸರು ಮಾಡಿದೆ. ಚೇಳೂರಿನ ರೈತರೊಬ್ಬರ ಮನೆಯ ಮರ ಅದು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ ಕಸಿ ಗಿಡವಾಗಿ ಹರಡಿಸಿತು. ಅಮ್ಮನ ಪ್ರಶ್ನೆ ಒಂದೇ: ಹಪ್ಪಳಕ್ಕೆ ಆಗ್ತದಾ? ಉಪ್ಪುಸೊಳೆಗೆ ಆಗ್ತದಾ? ಮಳೆ ಬಿದ್ದ ಮೇಲೆ ಹಲಸಿನ ಹಣ್ಣು ಹೇಗೂ ಸಪ್ಪೆ. ನಾವು ಜುಲೈಯಲ್ಲಿ ತಿನ್ನುವುದು ಏಪ್ರಿಲಿನಲ್ಲಿ ಒಣಗಿಸಿದ ಹಪ್ಪಳ, ಭರಣಿಯಲ್ಲಿ ಉಪ್ಪು ಬೆರೆಸಿಟ್ಟ ಸೊಳೆ. ಹಾಗಾಗಿ ನೆಂಟರ ಮನೆಯ ಬಕ್ಕೆ ಹಲಸಿನ ಎರಡು ಕಸಿ ಸಾಕೆಂದಾಯಿತು. ಅಮ್ಮ ಗೆದ್ದರು.

ನಲವತ್ತು ಸೆಂಟ್ಸ್ ಎಂದರೆ 17,424 ಚದರ ಅಡಿ. ಮೂವತ್ತು ಅಡಿಗೊಂದು ಮರ ಎಂದಿಟ್ಟರೂ ಹತ್ತೊಂಬತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಬೇಸಿಗೆಯಲ್ಲಿ ಪೈಪು ಎಳೆಯುವವರು ಇಬ್ಬರು ಮುದುಕರು ಎಂಬುದನ್ನು ಸೇರಿಸಿದರೆ ಇನ್ನೂ ಕಡಿಮೆ. ಹದಿನಾಲ್ಕಕ್ಕೆ ನಿಲ್ಲಿಸಿದೆವು.

ಒಂದು ಹಳೆಯ ನಷ್ಟದ ಬಾಬ್ತನ್ನೂ ಹೇಳಿಬಿಡುತ್ತೇವೆ, ಬೇರೆಯವರಿಗೆ ಉಪಯೋಗಕ್ಕೆ ಬರಬಹುದು. ಮನೆ ಕಟ್ಟಿಸಿದ ವರ್ಷ ಒಂದು ನರ್ಸರಿಯಿಂದ ಎರಡು ಆಪೂಸು ತಂದು ಅಂಗಳದ ಬದಿಯಲ್ಲಿ ನೆಟ್ಟಿದ್ದೆವು. ಒಂದು ಐದು ವರ್ಷ ಕಳೆದು ಕಾಯಿ ಬಿಟ್ಟಾಗ ಗಿಣಿಮೂಗಿನ ತೋತಾಪುರಿ. ಚೀಟಿ ಮಾತ್ರ ಆಪೂಸು. ಇನ್ನೊಂದರದ್ದು ನಮ್ಮದೇ ತಪ್ಪು. ನೆಟ್ಟ ಆರು ತಿಂಗಳಿಗೆ ವೀಡಿಯೊ ಕಾಲ್‌ನಲ್ಲಿ ನೋಡಿದಾಗ ಒಳ್ಳೆ ಚಿಗುರು, ಎಲ್ಲರಿಗೂ ಖುಷಿ. ಆ ಚಿಗುರು ಬಂದದ್ದು ಕಸಿ ಗಂಟಿನ ಕೆಳಗಿನಿಂದ, ಅಂದರೆ ಬೇರುಗಿಡದ್ದು. ಮೇಲಿನ ಆಪೂಸಿನ ಕಡ್ಡಿ ಅಷ್ಟರಲ್ಲೇ ಒಣಗಿತ್ತು. ನಾವು ಮೂರು ದೇಶದಲ್ಲಿ ಕುಳಿತು ಎಂಟು ವರ್ಷ ಸಾಕಿಸಿದ್ದು ಯಾವುದೋ ಹುಳಿಮಾವನ್ನು. ಗಂಟಿನ ಕೆಳಗೆ ಏನು ಚಿಗುರಿದರೂ ಉಗುರಿನಲ್ಲಿ ಚಿವುಟಿ ಹಾಕಬೇಕು. ಮೊದಲ ಎರಡು ಮೂರು ವರ್ಷದ ಹೂವನ್ನೂ ಕಿತ್ತು ಹಾಕಬೇಕು. ಹೂ ಕೀಳಲು ಅಮ್ಮನಿಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಹದಿನಾಲ್ಕರ ಪಟ್ಟಿಯ ಹೊರಗೆ ಒಂದು ಮರ ಉಳಿದಿತ್ತು. ಬಚ್ಚಲಿನ ಹಿಂದಿನ ಕಾಟುಮಾವು. ಅಜ್ಜನ ಕಾಲದ್ದು, ಹಂಚಿನ ಮಾಡಿನ ಮೇಲೆ ವಾಲಿ ನಿಂತಿತ್ತು. ಕಳೆದ ಮಳೆಗಾಲದಲ್ಲಿ ಒಂದು ಗೆಲ್ಲು ಬಿದ್ದು ಆರು ಹಂಚು ಹೋಯಿತು. ಕಡಿಯಲೇಬೇಕು. ಆದರೆ ಅಮ್ಮ ಇಲ್ಲಿಗೆ ಕಟ್ಟಿ ಕೊಡುವ ಮಿಡಿ ಉಪ್ಪಿನಕಾಯಿ, ಮಾಂಬಳ ಎರಡೂ ಅದೇ ಮರದ್ದು. ಮೇ ತಿಂಗಳಲ್ಲಿ ನಾವು ಊರಲ್ಲಿಲ್ಲದಿದ್ದರೂ ಮೂವತ್ತು ಕೆಜಿ ಲಗೇಜಿನಲ್ಲಿ ನಮ್ಮ ಜೊತೆ ವಿಮಾನ ಹತ್ತಿದ ಮಾವು ಅದೊಂದೇ.

ಅದರ ಗೊರಟು ಹಾಕಿದರೆ ಅದೇ ಮರ ಬರುತ್ತದೆ ಎಂದಿಲ್ಲ. ಕರಾವಳಿಯ ಕೆಲವು ಮಾವುಗಳಲ್ಲಿ, ಬಪ್ಪಕಾಯಿಯಂಥವುಗಳಲ್ಲಿ, ಒಂದೇ ಗೊರಟಿನಿಂದ ಮೂರು ನಾಲ್ಕು ಸಸಿ ಎದ್ದು ಹೆಚ್ಚಿನವು ತಾಯಿಯ ಗುಣವನ್ನೇ ಹೊತ್ತುಕೊಂಡು ಬರುತ್ತವೆ. ನಮ್ಮದರಲ್ಲಿ ಏಳುವುದು ಒಂದೇ ಸಸಿ. ಇಲ್ಲಿನ ಖರ್ಜೂರದ ತೋಟದವರೂ ಬೀಜವನ್ನು ನಂಬುವುದಿಲ್ಲ, ತಾಯಿಮರದ ಬುಡದ ಮರಿಯನ್ನೇ ಬಿಡಿಸಿ ನೆಡುತ್ತಾರೆ; ಖಲಾಸ್ ಖಲಾಸಾಗಿಯೇ ಉಳಿದದ್ದು ಹಾಗೆ. (ಖರ್ಜೂರವನ್ನು ಊರಲ್ಲಿ ಹಾಕಬಹುದಾ ಎಂದು ಕೆಲವರು ಕೇಳುತ್ತಾರೆ. ಅದು ಹಣ್ಣಾಗುವ ಹೊತ್ತಿಗೆ ನಮ್ಮಲ್ಲಿ ಜಡಿಮಳೆ. ಬೇಡ.) ಮಾವಿಗೆ ಕಸಿಯೊಂದೇ ದಾರಿ.

ಕಳೆದ ಜುಲೈಯಲ್ಲಿ ನಮ್ಮ ರಜೆಯಲ್ಲೇ ಅದನ್ನು ಮಾಡಿದೆವು. ಕಸಿ ಕಟ್ಟುವವರೊಬ್ಬರು ಹತ್ತು ದಿನ ಮೊದಲೇ ಬಂದು, ಪೆನ್ಸಿಲ್ ದಪ್ಪದ, ಬಲಿತ ಕಡ್ಡಿಗಳನ್ನು ಗುರುತಿಸಿ ಅದರ ಎಲೆಗಳನ್ನು ತೊಟ್ಟು ಮಾತ್ರ ಬಿಟ್ಟು ಕತ್ತರಿಸಿ ಹೋದರು. ಹಾಗೆ ಮಾಡಿದರೆ ತುದಿಯ ಮೊಗ್ಗು ಉಬ್ಬಿ ತಯಾರಾಗುತ್ತದೆ. ಅಮ್ಮ ಜೂನಿನಲ್ಲಿ ಮರಳಿನಲ್ಲಿ ಹೂತ ಗೊರಟುಗಳು ಮೊಳೆತು ಎಲೆ ಇನ್ನೂ ತಾಮ್ರದ ಬಣ್ಣದಲ್ಲಿದ್ದವು. ಆ ಸಸಿಯ ತಲೆ ಕತ್ತರಿಸಿ, ನಡುವೆ ಎರಡು ಇಂಚು ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಸುತ್ತಿ, ಮೇಲಿಂದ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿದರು. ಬ್ಲೇಡ್ ತಾಗಿದ ಜಾಗವನ್ನು ಕೈಯಲ್ಲಿ ಮುಟ್ಟಲು ಬಿಡಲಿಲ್ಲ. ಹನ್ನೆರಡು ಕಟ್ಟಿದರು. ಮೂರು ವಾರದಲ್ಲಿ ಚಿಗುರಬೇಕು. ನಾವು ವಾಪಸು ಬರುವ ದಿನಕ್ಕೆ ಎಂಟು ಹಸಿರಿದ್ದವು, ದೀಪಾವಳಿಗೆ ಐದು.

ಫೆಬ್ರವರಿಯಲ್ಲಿ ದೊಡ್ಡ ಮರ ಕಡಿಸಿದರು. ಅಪ್ಪ ಆ ದಿನ ವೀಡಿಯೊ ಮಾಡಲಿಲ್ಲ, ಫೋನನ್ನೂ ಎತ್ತಲಿಲ್ಲ. ಐದರಲ್ಲಿ ಎರಡನ್ನು ಮಾಡಿನಿಂದ ದೂರ, ಬಾವಿಕಟ್ಟೆಯ ಆಚೆ ನೆಟ್ಟಿದ್ದಾರೆ. ಒಂದನ್ನು ಕಡ್ಡಿ ಕಟ್ಟಿದವರಿಗೇ ಕೊಟ್ಟರು, ಒಂದು ನೆರೆಮನೆಗೆ, ಒಂದು ಇನ್ನೂ ತೊಟ್ಟೆಯಲ್ಲಿದೆ.

ಮೊನ್ನೆ ಶುಕ್ರವಾರ ಗ್ರೂಪಿಗೆ ಅಪ್ಪ ಒಂದು ಫೋಟೊ ಹಾಕಿದರು. ಅರ್ಧ ಭಾಗ ಅವರ ಹೆಬ್ಬೆರಳು, ಉಳಿದ ಅರ್ಧದಲ್ಲಿ ಹೊಸ ಚಿಗುರು. ಮೂವರೂ ಒಟ್ಟಿಗೇ ಒಂದೇ ಪ್ರಶ್ನೆ ಕೇಳಿದೆವು: ಗಂಟಿನ ಮೇಲಾ, ಕೆಳಗಾ? ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೊ ಬಂತು, ಈ ಸಲ ಅಮ್ಮ ತೆಗೆದದ್ದು. ಅಪ್ಪ ಕುಕ್ಕರಗಾಲಲ್ಲಿ ಕುಳಿತು ಗಂಟಿಗೆ ಬೆರಳು ಇಟ್ಟು ತೋರಿಸುತ್ತಿದ್ದಾರೆ. ಚಿಗುರು ಅವರ ಬೆರಳಿಗಿಂತ ಒಂದು ಗೇಣು ಮೇಲಿದೆ.