ಬಟ್ಟೆಯ ಮಳಿಗೆಯಿಂದ ಬೆವರಿನ ವಹಿವಾಟಿಗೆ

ಬೆಂಗಳೂರಿನ ಸ್ಟಾರ್ಟಪ್ ಲೋಕದಲ್ಲಿ ಒಂದು ಕಾಲಕ್ಕೆ ಮೂವರು ಬನ್ಸಲ್‌ಗಳಿದ್ದರು. ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಮತ್ತು ಬಿನ್ನಿ, ಮಿಂತ್ರಾ ಕಟ್ಟಿದ ಮುಕೇಶ್. ಅಡ್ಡಹೆಸರು ಒಂದೇ, ನೆಂಟಸ್ತಿಕೆ ಏನೂ ಇಲ್ಲ. ಮೊದಲಿಬ್ಬರ ಬಗ್ಗೆ ಬರೆದದ್ದು ಹೆಚ್ಚು. ಆದರೆ ಬಟ್ಟೆ ವ್ಯಾಪಾರದಲ್ಲೊಂದು, ವ್ಯಾಯಾಮದಲ್ಲೊಂದು ಎಂದು ಎರಡು ಹೆಸರುಗಳನ್ನು ದೇಶದ ಊರೂರಿಗೆ ಮುಟ್ಟಿಸಿದವರು ಮುಕೇಶ್ ಬನ್ಸಲ್.

ಹರಿದ್ವಾರದವರಾದ ಅವರು 1997ರಲ್ಲಿ ಕಾನ್ಪುರದ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದು ಮುಗಿಸಿ ಅಮೆರಿಕಕ್ಕೆ ಹೋದರು. ಮೊದಲು ಡೆಲಾಯ್ಟ್, ಆಮೇಲೆ ಸಿಲಿಕಾನ್ ವ್ಯಾಲಿಯ ಎಳೆಯ ಕಂಪನಿಗಳು. 2007ರಲ್ಲಿ ಬೆಂಗಳೂರಿನಲ್ಲಿ ಅಶುತೋಷ್ ಲವಾನಿಯಾ, ವಿನೀತ್ ಸಕ್ಸೇನಾ ಜತೆಗೂಡಿ ಮಿಂತ್ರಾ ಆರಂಭಿಸಿದಾಗ ಅದು ಫ್ಯಾಷನ್ ಮಳಿಗೆಯಾಗಿರಲಿಲ್ಲ. ಕಾಫಿ ಮಗ್ಗು, ಟಿ–ಶರ್ಟು, ಮೌಸ್ ಪ್ಯಾಡುಗಳ ಮೇಲೆ ಗ್ರಾಹಕರು ಕೇಳಿದ ಹೆಸರನ್ನೋ ಫೋಟೊವನ್ನೋ ಅಚ್ಚು ಹಾಕಿಕೊಡುವ ಉಡುಗೊರೆ ವ್ಯಾಪಾರ ಅದು. ಹುಟ್ಟುಹಬ್ಬಕ್ಕೊಮ್ಮೆ ನೆನಪಾಗುವ ಅಂಗಡಿ ಎಷ್ಟು ತಾನೇ ಬೆಳೆದೀತು? 2010ರ ಸುಮಾರಿಗೆ ಕಂಪನಿ ಬ್ರ್ಯಾಂಡೆಡ್ ಬಟ್ಟೆ, ಪಾದರಕ್ಷೆಗಳತ್ತ ತಿರುಗಿತು.

ಅದು ಧೈರ್ಯದ ತಿರುವು. ಚಿಕ್ಕಪೇಟೆಗೆ ಹೋದ ಗಿರಾಕಿ ಬಟ್ಟೆಯನ್ನು ಮುಟ್ಟಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳುವುದು. ಅಂಥವರಿಗೆ ಬರೀ ಚಿತ್ರ ತೋರಿಸಿ ಅಂಗಿ ಮಾರಬೇಕಿತ್ತು. ಬಟ್ಟೆ ಮನೆಗೆ ಬಂದ ಮೇಲೆ ದುಡ್ಡು ಕೊಡಿ, ಅಳತೆ ಸರಿಹೋಗದಿದ್ದರೆ ವಾಪಸ್ ಕಳಿಸಿ ಎಂಬ ಎರಡು ಭರವಸೆಗಳು ಆ ಅನುಮಾನವನ್ನು ಕರಗಿಸಿದವು. ವಾಪಸಾದ ಪ್ರತಿ ಅಂಗಿಯ ಸಾಗಣೆ ಖರ್ಚು ಮಾತ್ರ ಕಂಪನಿಯ ತಲೆಯ ಮೇಲೆ. ಬೇರೆಯವರ ಬ್ರ್ಯಾಂಡ್ ಮಾರಿ ಉಳಿಯುವ ಲಾಭ ತೆಳುವಾದ್ದರಿಂದ ಸ್ವಂತ ಬ್ರ್ಯಾಂಡ್ ಬೇಕಾಯಿತು. ರೋಡ್‌ಸ್ಟರ್ ಬಂದದ್ದು ಹಾಗೆ. ನಟ ಹೃತಿಕ್ ರೋಷನ್ ಅವರ ಕ್ರೀಡಾ ಉಡುಪುಗಳ ಎಚ್‌ಆರ್‌ಎಕ್ಸ್ ಕೂಡ ಮಿಂತ್ರಾದ ಮೂಲಕವೇ ಮಾರುಕಟ್ಟೆಗೆ ಇಳಿಯಿತು.

2014ರ ಮೇ ತಿಂಗಳಲ್ಲಿ ಮಿಂತ್ರಾವನ್ನು ಫ್ಲಿಪ್‌ಕಾರ್ಟ್ ಕೊಂಡಿತು. ಬೆಲೆ ಸುಮಾರು 2,000 ಕೋಟಿ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ಮರುವರ್ಷ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ, ಮೊಬೈಲ್ ಆ್ಯಪ್‌ನಲ್ಲಷ್ಟೇ ವ್ಯಾಪಾರ ಎಂದಿತು. ಮೊಬೈಲ್ ಯುಗ ಬರುತ್ತದೆಂಬ ಅಂದಾಜು ಸರಿಯೇ ಇತ್ತು. ಆದರೆ ದೊಡ್ಡ ಪರದೆಯಲ್ಲಿ ನೋಡಿ ಕೊಳ್ಳುವವರಿಗೆ ಬಾಗಿಲು ಹಾಕಿದ್ದು ಅವಸರವಾಯಿತು. 2016ರಲ್ಲಿ ವೆಬ್‌ಸೈಟ್ ಮತ್ತೆ ತೆರೆಯಬೇಕಾಯಿತು.

ಮಿಂತ್ರಾದ ಜತೆಗೇ ಫ್ಲಿಪ್‌ಕಾರ್ಟ್ ಸೇರಿದ್ದ ಮುಕೇಶ್ ಅಷ್ಟರಲ್ಲಿ ಅದನ್ನು ಬಿಟ್ಟಿದ್ದರು. ಅದೇ 2016ರಲ್ಲಿ ಅಲ್ಲಿನ ಸಹೋದ್ಯೋಗಿ ಅಂಕಿತ್ ನಾಗೋರಿ ಜತೆ ಕ್ಯೂರ್‌ಫಿಟ್ ಆರಂಭಿಸಿ, ಬೆಂಗಳೂರಿನಲ್ಲಿ ರಿಷಭ್ ತೆಲಂಗ್ ಮತ್ತು ದೀಪಕ್ ಪೊದುವಾಳ್ ನಡೆಸುತ್ತಿದ್ದ ಕಲ್ಟ್ ಎಂಬ ವ್ಯಾಯಾಮ ಕೇಂದ್ರವನ್ನು ಅದರೊಳಗೆ ತಂದುಕೊಂಡರು. ಸಾಮಾನ್ಯ ಜಿಮ್‌ನ ಲೆಕ್ಕಾಚಾರವೇ ವಿಚಿತ್ರ. ಜನವರಿಯಲ್ಲಿ ವರ್ಷದ ಶುಲ್ಕ ಕಟ್ಟಿದವರಲ್ಲಿ ಅನೇಕರು ಯುಗಾದಿ ಹೊತ್ತಿಗೆ ಕಾಣಿಸುವುದಿಲ್ಲ. ಎಲ್ಲರೂ ದಿನಾ ಬಂದರೆ ಅಲ್ಲಿ ನಿಲ್ಲಲೂ ಜಾಗ ಸಾಲದು. ಕಲ್ಟ್ ಯಂತ್ರಗಳನ್ನು ಬದಿಗಿಟ್ಟು ತರಗತಿಯನ್ನು ಮುಂದಿಟ್ಟಿತು. ಬಾಕ್ಸಿಂಗ್, ಯೋಗ, ನೃತ್ಯ, ಎಚ್‌ಆರ್‌ಎಕ್ಸ್ ಹೆಸರಿನದೇ ಒಂದು ವ್ಯಾಯಾಮ, ಹೀಗೆ ಬೇಕಾದ್ದನ್ನು ಆ್ಯಪ್‌ನಲ್ಲಿ ಮೊದಲೇ ಕಾಯ್ದಿರಿಸಿ, ಗೊತ್ತಾದ ಹೊತ್ತಿಗೆ ಗುಂಪಿನೊಂದಿಗೆ ತರಬೇತುದಾರರ ಮುಂದೆ ನಿಲ್ಲಬೇಕು. ಒಬ್ಬರೇ ಇದ್ದಾಗ ಬರುವ ಸೋಮಾರಿತನ ನಾಲ್ಕು ಜನರ ನಡುವೆ ಓಡಿಹೋಗುತ್ತದೆ. ಈ ಉದ್ಯಮದ ನಿಜವಾದ ಬಂಡವಾಳ ಆ ಹಾಜರಿಯೇ.

ಬೆಂಗಳೂರಿಗೆ ವ್ಯಾಯಾಮ ಕಲಿಸುವ ಉದ್ಯಮ ತೀರಾ ಹೊಸತಲ್ಲ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕೆ.ವಿ. ಅಯ್ಯರ್ ಇದೇ ಊರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಅಂಚೆಯ ಮೂಲಕ ದೂರದೂರಿನವರಿಗೂ ಅಂಗಸಾಧನೆ ಕಲಿಸುತ್ತಿದ್ದರು. ದೂರದಿಂದಲೇ ಮೈ ಹುರಿಗಟ್ಟಿಸುವ ಆ ವಿದ್ಯೆ 2020ರಲ್ಲಿ ಬೇರೆ ರೂಪದಲ್ಲಿ ಬೇಕಾಯಿತು. ಕೊರೊನಾ ಬಂದು ಕೇಂದ್ರಗಳಿಗೆಲ್ಲ ಬೀಗ ಬಿತ್ತು. ತರಗತಿಗಳು ಮೊಬೈಲ್ ಪರದೆಗೆ ಬಂದವು. ನೂರಾರು ನೌಕರರು ಕೆಲಸ ಕಳೆದುಕೊಂಡರು. ಈ ಕಂಪನಿಯ ಕಥೆ ಹೇಳುವಾಗ ಅವರನ್ನು ಮರೆಯುವುದು ನ್ಯಾಯವಲ್ಲ. ಊಟದ ವಿಭಾಗ ಈಟ್‌ಫಿಟ್ ನಾಗೋರಿ ಅವರ ಜತೆ ಬೇರೆಯಾಯಿತು.

2021ರಲ್ಲಿ ಟಾಟಾ ಡಿಜಿಟಲ್ ಕ್ಯೂರ್‌ಫಿಟ್‌ನಲ್ಲಿ 7.5 ಕೋಟಿ ಡಾಲರ್‌ವರೆಗೆ ಹೂಡಿಕೆ ಪ್ರಕಟಿಸಿತು. ಮುಕೇಶ್ ಟಾಟಾ ಡಿಜಿಟಲ್‌ನ ಅಧ್ಯಕ್ಷರಾದರು. ಮರುವರ್ಷ ಗೋಲ್ಡ್ಸ್ ಜಿಮ್‌ನ ಭಾರತದ ವಹಿವಾಟು, ಆ ಹೊತ್ತಿಗೆ ಕಲ್ಟ್‌ಫಿಟ್ ಎನಿಸಿಕೊಂಡಿದ್ದ ಕ್ಯೂರ್‌ಫಿಟ್‌ನ ಪಾಲಾಯಿತು. ಒಮ್ಮೆ ಬದಿಗಿಟ್ಟಿದ್ದ ಯಂತ್ರಗಳು ಹೀಗೆ ಮರಳಿ ಒಳಗೆ ಬಂದವು. ತರಗತಿಯ ಶಿಸ್ತು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು. ಕಲ್ಟ್‌ಸ್ಪೋರ್ಟ್ ಹೆಸರಿನಲ್ಲಿ ಉಡುಪು, ಸೈಕಲ್, ಟ್ರೆಡ್‌ಮಿಲ್ ಮಾರಾಟವೂ ನಡೆದಿದೆ. ರೋಡ್‌ಸ್ಟರ್ ಕಾಲದ ಸ್ವಂತ ಬ್ರ್ಯಾಂಡಿನ ಲೆಕ್ಕವೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಮುಕೇಶ್ ಮಾತ್ರ 2024ರಲ್ಲಿ ಮತ್ತೊಂದು ದಾರಿ ಹಿಡಿದರು: ಕಂಪನಿಗಳ ಪರವಾಗಿ ಗ್ರಾಹಕರೊಡನೆ ಮಾತನಾಡುವ ಕೃತಕ ಬುದ್ಧಿಮತ್ತೆಯ ಸಹಾಯಕರನ್ನು ರೂಪಿಸುವ ನುರಿಕ್ಸ್ ಎಂಬ ಕಂಪನಿ.